ತಾತ್ವಿಕವಾಗಿ ಹೋಗಬಹುದು

ಮೊದಲ ದಿನವೇ ಅವನು ನನ್ನ ರಿಪೋರ್ಟಿನ ಮೇಲೆ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದ. ಅದೂ ಒಂದೇ ಒಂದು ಪದದ ಕೆಳಗೆ.

ಮೂರನೇ ಮಹಡಿಯಲ್ಲಿ ನಮ್ಮ ಚೀನಾ ವಿಭಾಗ. ಅಲ್ಲಿನ ಸರ್ಕಾರ ಏನು ಹೇಳ್ತು, ಯಾಕೆ ಹೇಳ್ತು, ಅದರಿಂದ ನಮ್ಮ ವ್ಯಾಪಾರಕ್ಕೆ ಏನಾಗುತ್ತೆ ಅಂತ ವಾರಕ್ಕೊಂದು ರಿಪೋರ್ಟ್ ಬರೆಯೋದು ನಮ್ಮ ಹೊಟ್ಟೆಪಾಡು. ಅವನು ಚೀನೀ ಪತ್ರಿಕೆ, ಪ್ರಕಟಣೆಗಳನ್ನ ಅನುವಾದ ಮಾಡೋನು. ನಾನು ಎಕನಾಮಿಸ್ಟು. ಅವನನ್ನ ಎಲ್ಲರೂ ಡಿಕ್ಷನರಿ ಅಂತಿದ್ರು. ಬಾಯಿ ತೆಗೆದರೆ ಬೆಳವಣಿಗೆ ದರ ಅಂತೀನಿ ಅಂತ ಅವನು ನನಗಿಟ್ಟ ಹೆಸರು ಪರ್ಸೆಂಟ್ ಮೇಡಂ.

“ಬಂದರು ಯೋಜನೆಗೆ ಒಪ್ಪಿದ್ದಾರೆ ಅಂತ ಬರೆದಿದ್ದೀರಲ್ಲ?” ಅಂದ.

“ನೀವೇ ತಾನೇ ಅನುವಾದ ಮಾಡಿದ್ದು? ‘ತಾತ್ವಿಕವಾಗಿ ಒಪ್ಪಲಾಗಿದೆ’ ಅಂತ.”

“ಅಯ್ಯೋ ಮೇಡಂ! ಅಲ್ಲಿನ ಆಫೀಸುಗಳಲ್ಲಿ ‘ತಾತ್ವಿಕವಾಗಿ ಆಗುತ್ತೆ’ ಅಂದ್ರೆ ಆಗಲ್ಲ ಅಂತ. ‘ತಾತ್ವಿಕವಾಗಿ ಆಗಲ್ಲ’ ಅಂದ್ರೆ, ಕೂತು ಮಾತಾಡೋಣ, ದಾರಿ ಇದೆ ಅಂತ. ಜನ ತಮಾಷೆಗೆ ಹೇಳ್ತಾರೆ. ಆದ್ರೆ ಎಷ್ಟೋ ಸಲ ನಿಜ.”

“ಇದೆಂಥ ಉಲ್ಟಾ ಭಾಷೆ ರೀ!”

“ನಮ್ಮದೇನು ಕಮ್ಮಿನಾ? ಹೊರಟೋನು ‘ಬರ್ತೀನಿ’ ಅಂತಾನೆ. ಬರ್ತಾನಾ?”

ಕನ್ನಡಕದ ಮೇಲಿಂದ ನೋಡಿ ನಕ್ಕ. ನನಗೆ ಮೈಯೆಲ್ಲ ಉರಿದುಹೋಯ್ತು. ಆ ಉರಿ ಯಾವಾಗ ಬೇರೇನೋ ಆಯ್ತು ಅನ್ನೋದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಅದು ನಮ್ಮಿಬ್ಬರ ಗುಟ್ಟಿನ ಭಾಷೆ ಆಗಿಹೋಯ್ತು.

“ಟೀಗೆ ಬರ್ತೀರಾ?”

“ತಾತ್ವಿಕವಾಗಿ ಆಗಲ್ಲ,” ಅಂತ ನಗ್ತಾ ನಾನು ಎದ್ದೇಬಿಡ್ತಿದ್ದೆ.

ಒಂದಿನ ರಫ್ತಿನ ಲೆಕ್ಕದ ಮೇಲೆ ಇಬ್ಬರೂ ಕೂಗಾಡಿಕೊಂಡ್ವಿ. ಡೈರೆಕ್ಟರ್ ಬಂದು ಏನ್ರೀ ಗಲಾಟೆ ಅಂದ್ರು. “ಏನಿಲ್ಲ ಸರ್, ಮುಕ್ತ ಮಾತುಕತೆ ನಡೆಯಿತು,” ಅಂದ ಅವನು. ಎರಡು ದೇಶಗಳು ಜಗಳ ಆಡಿದ ದಿನ ಪ್ರಕಟಣೆಯಲ್ಲಿ ಬರೋ ಮಾತು ಅದು. ನಗು ತಡೆಯೋಕಾಗದೆ ನಾನು ಫೈಲಿನ ಹಿಂದೆ ಮುಖ ಮುಚ್ಚಿಕೊಂಡೆ. ತೆಗೆದು ನೋಡಿದರೆ ಅವನು ಇನ್ನೂ ನನ್ನನ್ನೇ ನೋಡ್ತಿದ್ದ.

ಬರೆದದ್ದಕ್ಕಿಂತ ಬಿಟ್ಟದ್ದನ್ನ ಓದಬೇಕು ಅಂತ ನನಗೆ ಕಲಿಸಿದವನೂ ಅವನೇ. ‘ಮನೆ ಇರೋದು ವಾಸಕ್ಕೆ, ಸಟ್ಟಾ ಆಡೋದಕ್ಕಲ್ಲ’ ಅಂತ ಅಲ್ಲಿ ವರ್ಷಗಟ್ಟಲೆ ಹೇಳ್ತಾ ಬಂದಿದ್ರು. ಒಂದು ಬೇಸಿಗೆಯ ಪ್ರಕಟಣೆಯಲ್ಲಿ ಆ ಸಾಲು ಇರಲಿಲ್ಲ. “ಮೇಡಂ, ಸಾಲು ಕಾಣೆ! ಮನೆ ಮಾರಾಟದ ಬಿಗಿ ಸಡಿಲ ಮಾಡ್ತಾರೆ ನೋಡ್ತಿರಿ,” ಅಂತ ಕುರ್ಚಿಯಿಂದ ಜಿಗಿದ. ಹಾಗೇ ಆಯ್ತು.

ಇಷ್ಟೆಲ್ಲ ಓದ್ತಾನೆ, ನನ್ನನ್ನ ಓದಲ್ವಾ ಅಂದ್ಕೊಂಡಿದ್ದೆ.

“ಬಾಯಿಬಿಟ್ಟು ಹೇಳೇ. ಅವನೇನು ಮನಸ್ಸಲ್ಲಿ ಇಣುಕಿ ನೋಡ್ತಾನಾ?” ಅಂತ ಅಕ್ಕ ಬೈತಿದ್ಲು.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನೀನೇ ಹೇಳ್ತೀಯಲ್ಲ?”

“ನಿನ್ನದು ಆಡದೇ ಹೋಗುತ್ತೆ, ನೋಡ್ತಿರು.”

ಅಷ್ಟರಲ್ಲಿ ಅವನಿಗೆ ಚೀನಾದಲ್ಲಿರೋ ನಮ್ಮದೇ ಆಫೀಸಿಂದ ಕೆಲಸಕ್ಕೆ ಕರೆ ಬಂತು. ಮೂರು ವರ್ಷ. ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಬುಧವಾರ ಮಧ್ಯಾಹ್ನ ಜೆರಾಕ್ಸ್ ಮೆಷಿನ್ ಹತ್ರ ಬಂದು ನಿಂತ. ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.

“ಹೋಗ್ಲಾ ಮೇಡಂ?”

ಬೇಡ ಕಣೋ, ಹೋಗಬೇಡ ಅಂತ ಒಳಗೊಳಗೇ ಕೂಗ್ತಿದ್ದೆ. ಆದ್ರೆ ನನ್ನ ಜಂಬ ಕೇಳಬೇಕಲ್ಲ! ನಮ್ಮ ಭಾಷೆಯಲ್ಲೇ ಹೇಳಿದರೆ ಚೆಂದ ಅನ್ನಿಸಿತು.

“ತಾತ್ವಿಕವಾಗಿ ಹೋಗಬಹುದು,” ಅಂದೆ.

ಒಂದು ಗಳಿಗೆ ನಿಂತ. “ಸರಿ,” ಅಂತ ಹೊರಟುಹೋದ.

ಸಂಜೆ ಫೋನಲ್ಲಿ ಅಕ್ಕನ ಹತ್ರ ಜಂಬ ಕೊಚ್ಚಿಕೊಂಡೆ. “ಹೇಳಿಬಿಟ್ಟೆ ಕಣೇ!”

“ಏನಂತ?”

“ಹೋಗು ಅಂತ.”

“ತಲೆ ನೆಟ್ಟಗಿದೆಯೇನೇ?”

“ಹೋಗು ಅಂದ್ರೆ ನಮ್ಮಲ್ಲಿ ಹೋಗಬೇಡ ಅಂತ. ಅವನಿಗೆ ಅರ್ಥ ಆಗುತ್ತೆ ಬಿಡು.”



ಸೋಮವಾರ ಡೈರೆಕ್ಟರ್ ಎಲ್ಲರನ್ನೂ ಕರೆದು, ಡಿಕ್ಷನರಿ ಸಹಿ ಹಾಕಿ ಕಳಿಸಿದ್ದಾನೆ, ಎಲ್ಲರೂ ಚಪ್ಪಾಳೆ ತಟ್ಟಿ ಅಂದ್ರು. ನಾನೂ ತಟ್ಟಿದೆ. ಆಮೇಲೆ ಅವನ ಟೇಬಲ್ ಹತ್ರ ಹೋಗಿ ನಿಂತೆ.

“ನಾನು ಹೇಳಿದ್ನಲ್ಲ!”

“ಹೋಗಬಹುದು ಅಂದ್ರಿ.”

“ತಾತ್ವಿಕವಾಗಿ ಅಂದೆ ಕಣ್ರೀ!”

ಅವನ ಮುಖ ಬಿಳಿಚಿಕೊಂಡಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಕೊಂಡ.

“ಪ್ರತಿ ಸಲ ನಗ್ತಾ ಅಂತಿದ್ರಿ. ಆವತ್ತು ನಗಲಿಲ್ಲ,” ಅಂದ ಮೆಲ್ಲಗೆ. “ಎರಡು ದಿನ ಆ ಒಂದು ಪದ ಹಿಡ್ಕೊಂಡು ಒದ್ದಾಡಿದೆ. ‘ಬೇಡ’ ಅಂತ ಓದಿಕೊಳ್ಳೋಣ ಅನ್ನಿಸ್ತು. ಆದ್ರೆ ನನಗೆ ಬೇಕಾದ್ದನ್ನ ಓದಿಕೊಂಡರೆ ಅದು ಅನುವಾದ ಆಗುತ್ತಾ ಮೇಡಂ? ಅದು ಬರೀ ನನ್ನ ಆಸೆ.”

ಕುರ್ಚಿಯಿಂದ ಎದ್ದು ನನ್ನೆದುರು ನಿಂತ.

“ಈಗ ನೇರವಾಗಿ ಹೇಳಿ. ಇರು ಅಂದ್ರೆ ಇರ್ತೀನಿ. ಸಹಿ ಹಾಕಿದ್ದು ಹಾಳಾಗಿ ಹೋಗಲಿ.”

ಟೇಬಲ್ ಮೇಲೆ ಹೊಸ ಪಾಸ್‌ಪೋರ್ಟ್ ಇತ್ತು, ಹತ್ತಿರ ಒಂದು ಪಟ್ಟಿ. ನೋಡಬೇಕಾದ ಊರು, ಪುಸ್ತಕದಂಗಡಿ, ರೈಲಿನ ಸಮಯ ಎಲ್ಲ ಗುಂಡಗಿನ ಅಕ್ಷರದಲ್ಲಿ ಬರೆದಿದ್ದ. ಹದಿನಾರನೇ ವಯಸ್ಸಿಂದ ಆ ಭಾಷೆ ಕಲಿತವನು ಆ ನೆಲವನ್ನ ಒಂದು ಸಲವೂ ತುಳಿದಿರಲಿಲ್ಲ. ಹನ್ನೆರಡು ವರ್ಷ ಈ ಮೂರನೇ ಮಹಡಿಯ ಕಿಟಕಿ ಪಕ್ಕ ಕೂತೇ ಆ ದೇಶ ಓದಿದ್ದ.

ಪ್ರೀತಿಸ್ತೀನಿ ಅಂದಿದ್ದರೆ ಆ ಪಟ್ಟಿ ಹರಿದು ಬುಟ್ಟಿಗೆ ಹಾಕ್ತಿದ್ದ. ಕಾಯ್ತೀನಿ ಅಂದಿದ್ದರೂ ಹೋಗ್ತಿರಲಿಲ್ಲ.

“ತಮಾಷೆ ಮಾಡಿದೆ ಕಣ್ರೀ,” ಅಂದೆ. ಈ ಸಲ ನಗೋದನ್ನ ಮರೀಲಿಲ್ಲ. “ಹೋಗಿ ಬನ್ನಿ.”

ಅವನು ನನ್ನ ಮುಖ ನೋಡಿದ. ನೋಡ್ತಾನೇ ಇದ್ದ. ಆಮೇಲೆ ಕನ್ನಡಕ ಹಾಕಿಕೊಂಡು, “ಬರ್ತೀನಿ,” ಅಂದ.

ಅಲ್ಲಿಂದ ಪ್ರತಿ ವಾರ ಅನುವಾದದ ಜೊತೆ ನನಗೊಂದು ಮೇಲ್ ಬರ್ತಿತ್ತು. ‘ಪ್ರೀತಿಯ ಪರ್ಸೆಂಟ್ ಮೇಡಂ’ ಅಂತ ಶುರು. ಅಲ್ಲಿನ ಚಳಿ, ಪಟ್ಟಿಯಲ್ಲಿ ನೋಡಿ ಮುಗಿಸಿದ ಊರು, ತಾನು ಮಾಡಿದ ತಪ್ಪು ಉಚ್ಚಾರ. ಎರಡನೇ ವರ್ಷ ‘ಪ್ರೀತಿಯ’ ಹೋಯ್ತು. ಆಮೇಲೆ ‘ಪರ್ಸೆಂಟ್’ ಹೋಯ್ತು. ಪದ ಉದುರೋದನ್ನ ಗುರುತು ಹಾಕೋದೇ ನನ್ನ ನೌಕರಿ, ಕಾಣದೇ ಇರುತ್ತಾ? ಕಂಡು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಮೂರು ವರ್ಷ ಮುಗಿಯೋ ತಿಂಗಳು ಬಂತು ಈ ಮೇಲ್.

‘ಮೇಡಂ, ಇಲ್ಲೇ ಉಳಿಯೋದು ಅಂತ ಮಾಡಿದ್ದೀನಿ. ನನಗೆ ಉಚ್ಚಾರ ತಿದ್ದಿಕೊಟ್ಟ ಟೀಚರ್ ಜೊತೆ ಮದುವೆ. ಮೊದಲು ನಿಮಗೇ ಹೇಳ್ತಿರೋದು. ನಿಮಗೆ ಸಂತೋಷ ತಾನೇ?’

ನಾಲ್ಕು ಸಲ ಓದಿದೆ. ಉತ್ತರ ಟೈಪ್ ಮಾಡಿದೆ: ‘ತಾತ್ವಿಕವಾಗಿ ಸಂತೋಷ.’

ಕಳಿಸೋ ಬಟನ್ ಮೇಲೆ ಬೆರಳಿಟ್ಟು ಕೂತೆ. ಈ ಸಲ ಖಂಡಿತ ಸರಿಯಾಗಿ ಓದಿಬಿಡ್ತಾನೆ ಅನ್ನಿಸ್ತು. ಹಿಂದಕ್ಕೆ ಹೋಗಿ ಮೊದಲ ಪದವನ್ನ ಒಂದೊಂದೇ ಅಕ್ಷರ ಅಳಿಸಿದೆ.

‘ಸಂತೋಷ’ ಅಂತಷ್ಟೇ ಕಳಿಸಿದೆ. ಬಿಟ್ಟ ಪದ ಅವನ ಕಣ್ಣಿಗೆ ಬೀಳದೇ ಇರಲಪ್ಪಾ ಅಂತ ಬೇಡಿಕೊಂಡೆ.