ಕತ್ತಿ ಡಾಕ್ಟರ್ ಹೇಳಿದ ಸಾಕ್ಷಿ

ಮೊದಲ ಭೇಟಿಯಲ್ಲೇ ಅವಳು ಅವನ ತುಟಿ ಒಡೆದಳು.

ಬೇಕೆಂದು ಮಾಡಿದ್ದಲ್ಲ. ಮ್ಯೂಸಿಯಂಗಳ ಬೀದಿಯ ತುದಿಯಲ್ಲಿ, ಸೆಗ್‌ವೇ ಟೂರ್‌ನವರ ಶೆಡ್ ಮುಂದೆ, ಅವಳು ಬೆಳಗಿನ ಗುಂಪಿಗೆ ಹೆಲ್ಮೆಟ್ ಹಂಚುತ್ತಿದ್ದಳು. ಕೊರಳಲ್ಲಿದ್ದ ಸೀಟಿಯ ದಾರ ಕಳಚಿ ಕೆಳಗೆ ಬಿತ್ತು. ಹಿಂದೆ ನಿಂತಿದ್ದವನು ಅದನ್ನು ಎತ್ತಿಕೊಂಡು, ಕೊಡಲೆಂದು ಅವಳ ಹೆಗಲನ್ನು ಮೆಲ್ಲಗೆ ಮುಟ್ಟಿದ. ಅಷ್ಟೇ. ಅವಳ ಮೊಣಕೈ ಅವಳನ್ನು ಕೇಳದೆಯೇ ಹಿಂದಕ್ಕೆ ಹಾರಿತು.

ತಿರುಗಿ ನೋಡಿದರೆ ಎತ್ತರದ ಗಂಡಸೊಬ್ಬ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಸೀಟಿ ಹಿಡಿದು ನಿಂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿಯ ಕಾಲರ್ ಸೇರುತ್ತಿತ್ತು.

ಅವಳು ಕ್ಷಮೆ ಕೇಳಿದಳು, ಹತ್ತಿ ತಂದಳು, ಟಿಕೆಟ್ಟಿನ ಹಣ ವಾಪಸ್ ಕೊಡಿಸುತ್ತೇನೆ ಎಂದಳು. ಅವನು ಹತ್ತಿ ಮಾತ್ರ ತೆಗೆದುಕೊಂಡ.

"ಹಿಂದಿನಿಂದ ಮುಟ್ಟಿದ್ದು ನನ್ನ ತಪ್ಪು," ಅಂದ. "ಆದ್ರೆ ಏಟು ಚೆನ್ನಾಗಿತ್ತು."

ನಗಬಾರದು ಎಂದುಕೊಂಡು ಅವಳು ಹೆಲ್ಮೆಟ್ಟಿನ ಪಟ್ಟಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು. ಮತ್ತೆ ಕಣ್ಣೆತ್ತಿದಾಗ ಅವನು ಊದಿದ ತುಟಿಯ ಒಂದೇ ಪಕ್ಕದಲ್ಲಿ ನಗುತ್ತಿದ್ದ.

ಎರಡೇ ಚಕ್ರದ, ನಿಂತುಕೊಂಡೇ ಓಡಿಸುವ ಆ ಗಾಡಿಯ ಮೇಲೆ ಅವನಷ್ಟು ಕೆಟ್ಟದಾಗಿ ನಿಂತವರನ್ನು ಅವಳು ಕಂಡಿರಲಿಲ್ಲ. ಮುಂದೆ ಬಾಗಿದರೆ ಗಾಡಿ ಹೋಗುತ್ತದೆ, ಹಿಂದೆ ವಾಲಿದರೆ ನಿಲ್ಲುತ್ತದೆ. ಅವನು ಮುಂದೆ ಬಾಗಿ ಹೆದರುತ್ತಿದ್ದ, ಹಿಂದೆ ವಾಲಿ ಬೀಳುತ್ತಿದ್ದ. ಸಾಲಿನ ಕೊನೆಯಲ್ಲಿ ಅವನನ್ನು ಹಾಕಿ ಅವಳು ಹೊರಟಳು.

ಅವಳ ಟೂರ್‌ನ ಕಥೆಗಳಲ್ಲಿ ರಕ್ತಕ್ಕೆ ಬರವಿರಲಿಲ್ಲ. ಕಾರಂಜಿಯ ಬಳಿ ಬಂಡಾಯಗಾರರ ತಲೆಗಳನ್ನು ತೂಗುಹಾಕಿಸಿದಳು. ಚಿತ್ರಕಲಾ ಮ್ಯೂಸಿಯಂನ ಮೆಟ್ಟಿಲ ಮೇಲೆ ಒಬ್ಬ ಕಲಾವಿದನಿಂದ ಇನ್ನೊಬ್ಬನ ಕತ್ತು ಹಿಸುಕಿಸಿದಳು. ಆಯುಧಗಳ ಮ್ಯೂಸಿಯಂ ಮುಂದೆ ಗಾಡಿ ನಿಲ್ಲಿಸಿ, ಒಳಗಿರುವ ಬಂಗಾರದ ಹಿಡಿಯ ಕತ್ತಿ ಒಂದೇ ಮಧ್ಯಾಹ್ನದಲ್ಲಿ ಒಂದು ಕೋಟೆಯ ಕಾವಲಿನವರನ್ನೆಲ್ಲ ಉರುಳಿಸಿದ ಕಥೆ ಹೇಳಿದಳು. ಪ್ರವಾಸಿಗರು ಉಸಿರು ಬಿಗಿಹಿಡಿದರು. ಸಾಲಿನ ಕೊನೆಯಲ್ಲಿ ಒಂದು ಕೈ ಮೇಲೆದ್ದಿತು.

ಆ ಕತ್ತಿಗೆ ಇದುವರೆಗೆ ಯಾರೂ ಸಾಣೆ ಹಿಡಿದಿಲ್ಲ, ಮೆರವಣಿಗೆಯಲ್ಲಿ ಹೊರಲಿಕ್ಕೆ ಮಾಡಿಸಿದ್ದು, ಅದರಲ್ಲಿ ಬೆಣ್ಣೆ ಕತ್ತರಿಸುವುದೂ ಕಷ್ಟ ಎಂದು ಅವನು ಸಂಕೋಚದಿಂದ ಹೇಳಿದ. ಗುಂಪು ನಕ್ಕಿತು. ಅವಳು ಅವನನ್ನು ದುರುಗುಟ್ಟಿ ನೋಡಿದಳು.

ಟೂರ್ ಮುಗಿದ ಮೇಲೆ ಗೊತ್ತಾಯಿತು. ಅದೇ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಹಳೆಯ ಆಯುಧಗಳ ತುಕ್ಕು ತೆಗೆದು ರಿಪೇರಿ ಮಾಡುವ ಕೆಲಸ ಅವನದು. ಅಲ್ಲಿಯವರು ಅವನನ್ನು ಕತ್ತಿ ಡಾಕ್ಟರ್ ಎನ್ನುತ್ತಿದ್ದರು. ಪಕ್ಕದಲ್ಲೇ ಕೆಲಸ ಮಾಡುವವರು ಟಿಕೆಟ್ ಕೊಂಡು ಯಾಕೆ ಬಂದಿರಿ ಎಂದು ಅವಳು ಕೇಳಿದಳು.

"ನನ್ನ ಕಿಟಕಿ ಫುಟ್‌ಪಾತ್ ಮಟ್ಟದಲ್ಲಿದೆ," ಅಂದ ಅವನು. "ದಿನಾ ನಿಮ್ಮ ಬೂಟು ಮಾತ್ರ ಕಾಣ್ತಿತ್ತು. ಉಳಿದದ್ದನ್ನೂ ನೋಡೋಣ ಅನ್ನಿಸ್ತು."

"ನೋಡಿದ್ರಲ್ಲ. ಹೇಗಿದೆ?"

"ಹೇಳೋದ್ರಲ್ಲಿ ಅರ್ಧ ಸುಳ್ಳು."

"ಯಾವ ಅರ್ಧ ಇಷ್ಟ ಆಯ್ತು?"

ಅವನ ಕಿವಿ ನಿಧಾನವಾಗಿ ಕೆಂಪಾಯಿತು. ಆ ಕೆಂಪನ್ನು ಅವಳು ಮನೆಯವರೆಗೂ ನೆನೆಸಿಕೊಂಡು ಹೋದಳು.

ರಜೆ ಬಂದಾಗಲೆಲ್ಲ ಅವನು ಟೂರ್‌ಗೆ ಬರತೊಡಗಿದ. ಒಮ್ಮೆ ಕಸದ ಡಬ್ಬಿಗೆ ಗುದ್ದಿದ, ಒಮ್ಮೆ ಗುಲಾಬಿ ಪೊದೆಯೊಳಗೆ ಹೋಗಿ ಮೈಯೆಲ್ಲ ಗೀರಿಸಿಕೊಂಡು ಬಂದ. ಅವಳು ಮುಳ್ಳು ತೆಗೆಯುವಾಗ ಅವನು ಕಣ್ಣು ಮುಚ್ಚುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ನೋವಾಗುತ್ತಿದೆಯೇ ಎಂದರೆ ಹೌದು ಎನ್ನುತ್ತಿದ್ದ. ನಿಲ್ಲಿಸಲೇ ಎಂದರೆ ಬೇಡ ಎನ್ನುತ್ತಿದ್ದ.

ಒಂದು ಸಂಜೆ ಅವನು ತನ್ನ ನೆಲಮಾಳಿಗೆ ತೋರಿಸಿದ. ಮೇಜಿನ ಮೇಲೆ ಎಣ್ಣೆ ಹಚ್ಚಿದ ಕತ್ತಿಗಳು, ಗೋಡೆಗೆ ಈಟಿಗಳು. ಇದರಲ್ಲಿ ನಿಜವಾಗಿ ಕೊಂದದ್ದು ಯಾವುದು ಎಂದು ಅವಳು ಕೇಳಿದಳು. ಅವನು ಮೂಲೆಯಲ್ಲಿದ್ದ, ಅಂದಚೆಂದವಿಲ್ಲದ ಒಂದು ಕೊಡಲಿಯನ್ನು ತೋರಿಸಿದ. ಅವಳು ಅದರ ಬಾಯಿಯ ಮೇಲೆ ಬೆರಳಾಡಿಸಿದಳು. ಆಮೇಲೆ ತನ್ನ ಮದುವೆಯ ಕಥೆ ಹೇಳಿದಳು.

ಗಂಡನಾಗಿದ್ದವನು ಮನೆ ಕಟ್ಟಿಸುವ ಕಂಟ್ರಾಕ್ಟರ್. ಹೊರಗೆ ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುವ ಆತ, ಮನೆಯೊಳಗೆ ಬಾಗಿಲ ಸಂದಿಗೆ ಅವಳ ಬೆರಳು ಸಿಕ್ಕಿಸಿ ಬಾಗಿಲು ಹಾಕುತ್ತಿದ್ದ. ಪಕ್ಕೆಲುಬು ಮುರಿದಿದ್ದ. ಕೊನೆಗೆ ದವಡೆಯನ್ನೂ ಮುರಿದ ದಿನ ಅಕ್ಕ ಬಂದು ಅವಳನ್ನು ಉಟ್ಟ ಬಟ್ಟೆಯಲ್ಲೇ ಕರೆದುಕೊಂಡು ಹೋಗಿದ್ದಳು. ಡೈವೋರ್ಸ್ ಆಯಿತು. ಹತ್ತಿರ ಸುಳಿಯಬಾರದೆಂದು ಕೋರ್ಟು ಆತನಿಗೆ ಆದೇಶವನ್ನೂ ಕೊಟ್ಟಿತು. ಮೊಣಕೈಯಲ್ಲಿ ಹೊಡೆಯುವುದನ್ನು ಅಕ್ಕ ಸೇರಿಸಿದ ಕ್ಲಾಸಿನಲ್ಲಿ ಕಲಿತದ್ದು.

ಕತ್ತಿ ಡಾಕ್ಟರ್ ಅಯ್ಯೋ ಪಾಪ ಎನ್ನಲಿಲ್ಲ. ಯಾವ ಕಡೆಯ ದವಡೆ ಎಂದು ಕೇಳಿದ. ಅವಳು ತೋರಿಸಿದಳು. ಅವನ ಕೈ ಅವಳ ಕೆನ್ನೆಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು.

"ಮುಟ್ಟಬಹುದಾ?"

"ಇವತ್ತು ಬೇಡ."

ಮುಂದಿನ ವಾರ ಅವಳೇ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದು, ಇವತ್ತು ಆಗಬಹುದು ಎಂದಳು. ಎಣ್ಣೆಯ ವಾಸನೆಯ ಆ ಒರಟು ಬೆರಳು ದವಡೆಯ ಮೇಲೆ ಹಕ್ಕಿಯ ಗರಿಯಂತೆ ಕೂತಿತು. ಅವಳಿಗೆ ಅಳು ಬಂತು. ಅಳುತ್ತಲೇ, ನಾಳೆ ನೀವು ಟೂರ್‌ಗೆ ಬರದಿದ್ದರೆ ನೋಡಿ ಎಂದು ಗದರಿದಳು.

ಅವನು ಬಂದ. ಆತನೂ ಬಂದಿದ್ದ.

ಗಾಜಿನ ಮ್ಯೂಸಿಯಂನ ಹಿಂದೆ ಎರಡು ಎತ್ತರದ ಗೋಡೆಗಳ ನಡುವೆ ಒಂದು ಓಣಿಯಿದೆ. ಅವಳು ಮುಂದೆ, ನಾಲ್ಕಾರು ಪ್ರವಾಸಿಗರು ನಡುವೆ, ಎಂದಿನಂತೆ ವಾಲಾಡುತ್ತ ಕತ್ತಿ ಡಾಕ್ಟರ್ ಕೊನೆಗೆ. ಓಣಿಯ ಮಧ್ಯದಲ್ಲಿ ಮಾಜಿ ಗಂಡ ನಿಂತಿದ್ದ. ಅವಳು ಗಾಡಿ ತಿರುಗಿಸುವಷ್ಟರಲ್ಲಿ ಆತ ಹ್ಯಾಂಡಲ್ ಹಿಡಿದು ಎಳೆದ. ಅವಳು ಮುಖ ಅಡಿಯಾಗಿ ಬಿದ್ದಳು. ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದ ಜಡೆಯನ್ನು ಕೈಗೆ ಸುತ್ತಿಕೊಂಡು ಎಳೆದಾಡಿದ. ಹೊಟ್ಟೆಗೆ ಒದ್ದ. ಒದೆಯುತ್ತ, ಈಗ ಹೊಸಬ ಸಿಕ್ಕಿದ್ದಾನಾ ಎಂದು ಮತ್ತೆ ಮತ್ತೆ ಕೇಳಿದ. ಪ್ರವಾಸಿಗರು ಗಾಡಿ ಬಿಟ್ಟು ಬಂದ ದಾರಿಯಲ್ಲೇ ಓಡಿದರು.

ಕತ್ತಿ ಡಾಕ್ಟರ್ ಓಡಲಿಲ್ಲ. ಗಾಡಿಯಿಂದ ಬಿದ್ದು, ಎದ್ದು, ಬಂದು ಆತನನ್ನು ಹಿಂದಿನಿಂದ ತಬ್ಬಿ ಹಿಡಿದ. ಆತ ಜೇಬಿನಿಂದ ಚಾಕು ತೆಗೆದ. ಜೀವಮಾನವಿಡೀ ಆಯುಧಗಳ ನಡುವೆ ಕಳೆದವನಿಗೆ ಹೊಡೆದಾಡಲು ಬರುತ್ತಿರಲಿಲ್ಲ. ಕೈ ಅಡ್ಡ ಹಿಡಿದ, ಅಷ್ಟೇ. ಮೊಣಕೈಯಿಂದ ಮಣಿಕಟ್ಟಿನವರೆಗೆ ಮಾಂಸ ತೆರೆದುಕೊಂಡಿತು. ಗೋಡೆಯ ಮೇಲೆ ರಕ್ತ ಚಿಮ್ಮಿತು.

ಅದನ್ನು ನೋಡಿ ಅವಳೊಳಗೆ ಏನೋ ಹರಿಯಿತು. ಎದ್ದು ಗಾಡಿ ಹತ್ತಿ, ಪೂರ್ತಿ ಮುಂದಕ್ಕೆ ಬಾಗಿ, ಆತನ ಮೊಣಕಾಲಿಗೆ ನುಗ್ಗಿಸಿದಳು. ಮೂಳೆ ಮುರಿದ ಸದ್ದು ಕೇಳಿತು. ಆತ ಬಿದ್ದ, ಚಾಕು ಚರಂಡಿಯ ಕಡೆ ಹಾರಿತು. ಅವಳು ಹೆಲ್ಮೆಟ್ ಬಿಚ್ಚಿ ಅದರಿಂದಲೇ ಆತನ ಮುಖಕ್ಕೆ ಹೊಡೆದಳು. ಮತ್ತೆ ಹೊಡೆದಳು. ಹಲ್ಲು ಉದುರಿದವು, ಹೆಲ್ಮೆಟ್ ಸೀಳಿತು, ಸೀಳಿದ ಅಂಚಿನಿಂದಲೂ ಹೊಡೆದಳು. ಸಾಕು, ಸಾಕು ಎಂದು ಯಾರೋ ಬೇಡುತ್ತಿದ್ದರು. ಅದು ಕತ್ತಿ ಡಾಕ್ಟರ್‌ನ ದನಿ ಎಂದು ಗೊತ್ತಾದ ಮೇಲೂ ಅವಳ ಕೈ ನಿಲ್ಲಲಿಲ್ಲ.

ಆತ ಸಾಯಲಿಲ್ಲ. ಒಂದು ಕಣ್ಣು ಹೋಯಿತು, ದವಡೆ ಚೂರಾಯಿತು.

ಅವಳ ಮೇಲೂ ಕೇಸಾಯಿತು. ವಕೀಲೆ ವಿಷಯವನ್ನು ಬಿಡಿಸಿ ಹೇಳಿದಳು. ಚಾಕು ಹಿಡಿದವನನ್ನು ಹೊಡೆದರೆ ಅದು ಆತ್ಮರಕ್ಷಣೆ. ಚಾಕು ಕಳೆದುಕೊಂಡು ಬಿದ್ದವನನ್ನು ಹೊಡೆದರೆ ಜೈಲು. ಓಣಿಯಲ್ಲಿ ಕ್ಯಾಮೆರಾ ಇರಲಿಲ್ಲ, ಪ್ರವಾಸಿಗರು ಏನನ್ನೂ ಪೂರ್ತಿ ನೋಡಿರಲಿಲ್ಲ. ಉಳಿದ ಸಾಕ್ಷಿ ಒಬ್ಬನೇ.

ಅವಳು ಆಸ್ಪತ್ರೆಗೆ ಹೋದಳು. ಅವನ ಕೈಗೆ ಭುಜದವರೆಗೂ ಬಟ್ಟೆ ಸುತ್ತಿದ್ದರು. ಅವಳನ್ನು ಕಂಡು ಅವನ ಮುಖ ಅರಳಿತು. ಅವಳು ಕೂರಲಿಲ್ಲ.

"ಕೊನೇ ತನಕ ಚಾಕು ಅವನ ಕೈಯಲ್ಲೇ ಇತ್ತು ಅಂತ ಹೇಳ್ತೀರಾ?"

ಅವನು ದಿಂಬಿಗೆ ಒರಗಿ ಎದ್ದು ಕೂತ.

"ನೋಡಿದ್ದನ್ನ ಹೇಳ್ತೀನಿ. ಎಲ್ಲಾನೂ. ಆದ್ರೆ ಅದ್ರಲ್ಲಿ..."

ಮುಂದಿನದನ್ನು ಅವಳು ಹೇಳಗೊಡಲಿಲ್ಲ. ಕಟ್ಟು ಹಾಕಿದ ಕೈಯ ಮೇಲೇ ಗುದ್ದಿದಳು. ಅವನ ಮುಖ ಬಿಳಿಚಿಕೊಂಡಿತು. ಬಿಳಿ ಬಟ್ಟೆಯ ಮೇಲೆ ಕೆಂಪು ಕಲೆ ಹರಡುವುದನ್ನು ನೋಡಿ ಅವಳು ತನ್ನ ಮುಷ್ಟಿಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ನರ್ಸ್ ಓಡಿಬಂದಳು. ಅವಳು ಓಡಿಹೋದಳು.

ಹೊಲಿಗೆ ಬಿಚ್ಚಿ, ಗಾಯ ಕೀವಾಗಿ, ಅವನು ಜ್ವರದಲ್ಲಿ ಮಲಗಿದ. ಪೊಲೀಸರಿಗೆ ಹೇಳಿಕೆ ಕೊಡುವ ಸ್ಥಿತಿಯಲ್ಲೇ ಇರಲಿಲ್ಲ. ನ್ಯಾಯಾಧೀಶರ ಮುಂದೆಯೇ ಸಾಕ್ಷಿ ಹೇಳಿಸುವುದೆಂದಾಯಿತು. ಅಲ್ಲಿಯವರೆಗೆ ಸಾಕ್ಷಿಯ ಜತೆ ಮಾತಾಡಕೂಡದೆಂದು ವಕೀಲೆ ಅವಳಿಗೆ ಕಟ್ಟುನಿಟ್ಟಾಗಿ ಹೇಳಿದಳು. ಅಕ್ಕನ ಅಡುಗೆಮನೆಯಲ್ಲಿ ಕೂತು ಅವಳು ದಿನಗಳನ್ನು ತಳ್ಳಿದಳು. ಒಬ್ಬ ಮೂಳೆ ಮುರಿಯುವವನು, ಇನ್ನೊಬ್ಬ ಹುಲ್ಲುಕಡ್ಡಿಯಷ್ಟೂ ಸುಳ್ಳು ಹೇಳಲಾರದವನು, ಮಧ್ಯದವರು ಯಾರೂ ನಿನ್ನ ಕಣ್ಣಿಗೆ ಬೀಳುವುದಿಲ್ಲವೇನೇ ಎಂದು ಅಕ್ಕ ಕೇಳಿದಳು. ಅವನ ಸುದ್ದಿ ಎತ್ತಬೇಡ ಎಂದು ತಂಗಿ ರೇಗಿದಳು. ಆದರೂ ಪ್ರತಿ ಸಂಜೆ, ಜ್ವರ ಇಳಿಯಿತಾ ಎಂದು ಅಕ್ಕನಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸುತ್ತಿದ್ದಳು.

ಕೋರ್ಟಿನಲ್ಲಿ ಅವನು ತೆಳ್ಳಗಾಗಿ, ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಿಂತ. ಅವಳ ಕಡೆ ಒಮ್ಮೆ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಬಿದ್ದ ಮೇಲೂ ಅವಳು ಹೊಡೆದಳೇ ಎಂದು ಮಾಜಿ ಗಂಡನ ವಕೀಲ ಕೇಳಿದ. ಹೌದು ಎಂದ. ಆಗ ಚಾಕು ಎಲ್ಲಿತ್ತು? ಚರಂಡಿಯ ಹತ್ತಿರ, ಕೈಗೆ ಎಟುಕದಷ್ಟು ದೂರ. ಅವಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಹಾಗಾದರೆ ಬಿದ್ದವನಿಂದ ಯಾವ ಅಪಾಯವೂ ಇರಲಿಲ್ಲ ಅಲ್ಲವೇ ಎಂದು ವಕೀಲ ಗೆದ್ದವನಂತೆ ಕೇಳಿದ.

"ಇತ್ತು," ಅಂದ ಕತ್ತಿ ಡಾಕ್ಟರ್. "ಬಿದ್ದಲ್ಲೇ ಅವಳ ಕಾಲಿನ ಗೆಣ್ಣು ಹಿಡ್ಕೊಂಡು ತಿರುಚ್ತಿದ್ದ. ಅವಳು ಕಾಲು ಬಿಡಿಸ್ಕೊಳ್ಳೋಕೆ ಎಳೀತಿದ್ಲು, ಹೊಡೀತಿದ್ಲು. ಅವನು ಬಿಡ್ಲಿಲ್ಲ. ಬಿಟ್ಟ ಮೇಲೆ ಬಿದ್ದದ್ದು ಎರಡೇ ಏಟು. ಅದು ಮಾತ್ರ ಬೇಕಿರ್ಲಿಲ್ಲ."

ಅವಳು ತನ್ನ ಕಾಲು ನೋಡಿಕೊಂಡಳು. ಅದು ಅವಳಿಗೆ ನೆನಪೇ ಇರಲಿಲ್ಲ. ಅಂದು ಆಸ್ಪತ್ರೆಯ ಡಾಕ್ಟರು ಗೆಣ್ಣಿನ ಸುತ್ತ ಬೆರಳಚ್ಚಿನಂತೆ ಕಪ್ಪಾದ ಬಾವು ಕಂಡು ಇದು ಹೇಗಾಯಿತು ಎಂದಿದ್ದರು. ಗಾಡಿಗೆ ಸಿಕ್ಕಿರಬೇಕು ಎಂದಿದ್ದಳು ಅವಳು.

ಮಾಜಿ ಗಂಡ ಎದ್ದು ನಿಂತ. ತಂತಿ ಬಿಗಿದ ದವಡೆಯಿಂದಲೇ, ಇನ್ನು ಸ್ವಲ್ಪ ಹೊತ್ತು ಸಿಕ್ಕಿದ್ದರೆ ಆ ಕಾಲನ್ನೇ ಕಿತ್ತು ಕೈಗೆ ಕೊಡುತ್ತಿದ್ದೆ ಎಂದು ಅರಚಿದ. ವಕೀಲ ಕಣ್ಣು ಮುಚ್ಚಿಕೊಂಡ. ನ್ಯಾಯಾಧೀಶರು ಬರೆದುಕೊಂಡರು.

ಆತನಿಗೆ ಹಲವು ವರ್ಷಗಳ ಜೈಲಾಯಿತು. ಅವಳಿಗೆ ಆ ಎರಡು ಏಟಿಗೆ ದಂಡ, ಒಂದು ವರ್ಷ ಗೈಡ್ ಕೆಲಸ ಮಾಡಬಾರದೆಂಬ ಆಜ್ಞೆ. ಅವಳ ವಿರುದ್ಧದ್ದನ್ನೂ ಪರವಾದದ್ದನ್ನೂ ಒಂದೇ ದನಿಯಲ್ಲಿ ಹೇಳಿದ್ದರಿಂದ ಅವನನ್ನು ನಂಬಿದರು ಎಂದು ವಕೀಲೆ ಅಂದಳು. ಸುಳ್ಳು ಹೇಳಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದರಂತೆ.

ತೀರ್ಪಿನ ಮಾರನೆಯ ದಿನ ಅವಳು ನೆಲಮಾಳಿಗೆಗೆ ಹೋದಳು. ಅವನು ಎಡಗೈಯಲ್ಲಿ ಒಂದು ಕವಚಕ್ಕೆ ಎಣ್ಣೆ ಒರೆಸುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ನನ್ನ ಕಂಡ್ರೆ ಭಯ ಆಗಲ್ವಾ?"

"ಆಗುತ್ತೆ. ಆವತ್ತಿನ ನಿಮ್ಮ ಮುಖ ಈಗಲೂ ಕನಸಲ್ಲಿ ಬರುತ್ತೆ." ಅವನು ಬಟ್ಟೆ ಕೆಳಗಿಟ್ಟ. "ಎಚ್ಚರ ಆದ ತಕ್ಷಣ ನಿಮ್ಮನ್ನೇ ನೋಡ್ಬೇಕು ಅನ್ಸುತ್ತೆ. ಅದು ಯಾಕೆ ಅಂತ ನನಗೂ ಗೊತ್ತಿಲ್ಲ."

ಅವಳು ಒಳಗೆ ಬಂದಳು. ಯಾರಿಗೂ, ಅಕ್ಕನಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು.

"ಆ ಕೊನೇ ಎರಡು ಏಟು ಹೊಡೆಯುವಾಗ ನನಗೆ ಖುಷಿ ಆಯ್ತು."

"ಗೊತ್ತು. ನೋಡಿದೆ. ನಗ್ತಿದ್ರಿ."

"ಅದನ್ನ ಕೋರ್ಟಲ್ಲಿ ಹೇಳಲಿಲ್ಲ?"

"ಅವರು ಕೇಳಲಿಲ್ಲ," ಅಂದ. ಅವನ ಕಿವಿ ಕೆಂಪಾಗಿತ್ತು. "ಆಸ್ಪತ್ರೇಲಿ ಗುದ್ದಿದ್ದನ್ನೂ ಕೇಳಲಿಲ್ಲ."

ಅವಳು ಅವನ ಗಾಯದ ಕೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗೆರೆ ಇನ್ನೂ ಹಸಿಯಾಗಿಯೇ ಇದ್ದಂತಿತ್ತು. ಕಿರುಬೆರಳಿಗೂ ಉಂಗುರದ ಬೆರಳಿಗೂ ಸ್ಪರ್ಶ ತಿಳಿಯುವುದಿಲ್ಲ, ನರ ತುಂಡಾಗಿದೆ, ಮರಳಿ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆಂದು ಅವನು ಹವಾಮಾನದ ಸುದ್ದಿಯಂತೆ ಹೇಳಿದ. ಅದರಲ್ಲಿ ನನ್ನ ಗುದ್ದಿನ ಪಾಲೆಷ್ಟು ಎಂದು ಅವಳು ಕೇಳಿದಳು. ಸ್ವಲ್ಪ ಇರಬಹುದು ಎಂದ.

ಅವಳು ಆ ಎರಡು ಬೆರಳುಗಳನ್ನು ಮೆಲ್ಲಗೆ ಒತ್ತಿದಳು.

"ಗೊತ್ತಾಗ್ತಿದೆಯಾ?"

"ಇಲ್ಲ."

ಬಗ್ಗಿ ಆ ಬೆರಳುಗಳಿಗೆ ತುಟಿಯೊತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು.

"ಈಗ?"

ಅವನು ಅವಳ ಬಾಗಿದ ತಲೆಯನ್ನು ನೋಡುತ್ತಿದ್ದ.

"ಇಲ್ಲ ಕಣೇ," ಅಂದ. "ಆದ್ರೆ ಕಾಣ್ತಾ ಇದೆ."