ಬಾಗಿಲಲ್ಲಿ ಕೂಗುವ ಹೆಸರು

“ಒಳಗೆ ಇನ್ನೂ ಯಾರಾದ್ರೂ ಇದ್ದೀರಾ?”

ಸಂಜೆ ಐದರ ಗಂಟೆ ಬಡಿದೊಡನೆ ಬಾಗಿಲು ಕಾಯುವ ಬಾಲ್ದೊ ಹೊಸ್ತಿಲಿನಾಚೆ ನಿಂತು ಖಾಲಿ ಹಜಾರವನ್ನು ಕೇಳಿದ. ತೆಂಗಿನ ಸಿಪ್ಪೆಯಲ್ಲಿ ಮೇಣ ತಿಕ್ಕಿದ ನೆಲದ ವಾಸನೆ ಮಾತ್ರ ತಣ್ಣಗೆ ಹೊರಬಂತು. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಪ್ರವಾಸಿಗರತ್ತ ತಿರುಗಿದ.

“ನಿಮ್ನಿಮ್ಮ ಹೆಸರು ನೀವೇ ಕೂಗ್ಕೊಳ್ಳಿ. ಮೂರು ಸಲ. ‘ಬಾ, ಮನೆಗೆ ಹೋಗೋಣ’ ಅನ್ನಿ. ಮಕ್ಕಳ ಹೆಸರು ತಾಯಂದಿರು ಕೂಗಿ.”

ಜನ ನಗುತ್ತ, ನಾಚುತ್ತ ಕೂಗಿದರು. ನಗದೆ ನಿಂತವಳು ಡೆಲಿಸಾ ಒಬ್ಬಳೇ. ಹಿಂದೊಮ್ಮೆ ದೇಶದ ಅಧ್ಯಕ್ಷನೊಬ್ಬ ಬಾಳಿದ ಈ ಗುಡ್ಡದ ಅರಮನೆಯ ಉಸ್ತುವಾರಿ ಹೊತ್ತು ಅವಳು ಮನಿಲಾದಿಂದ ಪನಾಯ್ ದ್ವೀಪಕ್ಕೆ ಬಂದು ಇನ್ನೂ ವಾರವಾಗಿರಲಿಲ್ಲ.

“ನೊಂಗ್ ಬಾಲ್ದೊ,” ಎಂದಳು. ಹಿರಿಯರನ್ನು ಅಲ್ಲಿ ಹಾಗೆ, ಅಣ್ಣ ಎಂದೇ ಕರೆಯುವುದು. “ಇದೇನು ಅರಮನೇನೋ, ದೆವ್ವದ ಅಂಗಡೀನೋ?”

“ನಗಬೇಡಿ ಮೇಡಂ. ಅಧ್ಯಕ್ಷರ ಕಾಲದಲ್ಲಿ ದರ್ಜಿ ಸಾಲ್ವಡೋರಾಳ ಮಗನ್ನ ವಿಚಾರಣೆಗೆ ಅಂತ ಇದೇ ಬಾಗಿಲಲ್ಲಿ ಒಳಗೆ ಕರ್ಕೊಂಡು ಹೋದ್ರು. ಹುಡುಗ ಹೊರಗೆ ಬರಲಿಲ್ಲ. ತಾಯಿ ನಲವತ್ತು ದಿನ ಇಲ್ಲೇ ಕಾದ್ಳು. ಆಮೇಲೆ ಹೊಲಿಗೆ ಸೂಜಿಗೆ ತನ್ನ ಕೂದಲು ಪೋಣಿಸಿ, ಮಂತ್ರ ಹಾಕಿ, ಹೊಸ್ತಿಲಿಗೆ ಚುಚ್ಚಿದ್ಳು. ‘ನನ್ನ ಕೂಸನ್ನ ಇಟ್ಕೊಂಡ ಮನೆ ಯಾರ್ನೂ ಪೂರ್ತಿ ಹೊರಗೆ ಬಿಡದಿರಲಿ’ ಅಂದ್ಳು. ಹೆಸರು ಕೂಗದೆ ಹೋದ್ರೆ ಮೈ ಮಾತ್ರ ಮನೆಗೆ ಹೋಗುತ್ತೆ. ಜೀವ ಒಳಗೇ ಉಳಿಯುತ್ತೆ. ಅಧ್ಯಕ್ಷರಿಗೂ ಅದೇ ಗತಿ. ತಮ್ಮ ಹೆಸರೇ ಗೊತ್ತಾಗದೆ ಸತ್ರು.”

ಡೆಲಿಸಾ ಬಾಗಿ ನೋಡಿದಳು. ಹೊಸ್ತಿಲ ಮರದಲ್ಲಿ ತುಕ್ಕು ಹಿಡಿದ ಒಂದು ಚುಕ್ಕೆ.

“ಸೂಜಿಗೆ ಹೆದರೋ ವಯಸ್ಸಾ ನಿಮ್ದು? ನಾಳೆಯಿಂದ ಈ ಕೂಗಾಟ ಬಂದ್.”

ಶನಿವಾರ ಆರು ವರ್ಷದ ಮಗಳು ಯುಮಿಯನ್ನೂ ಕರೆತಂದಳು. ಮಗು ದಿನವಿಡೀ ಅಧ್ಯಕ್ಷನ ಉದ್ದನೆಯ ಊಟದ ಮೇಜಿನಡಿ ಒಬ್ಬಳೇ ಪಿಸುಗುಟ್ಟುತ್ತ ಆಡಿತು. ಐದಕ್ಕೆ ತಾಯಿ ಮಗಳು ಹೊಸ್ತಿಲು ದಾಟುವಾಗ ಬಾಲ್ದೊ ಅಂಗಲಾಚಿದ.

“ನನಗಾಗಿ ಬೇಡ ಮೇಡಂ. ಕೂಸಿಗಾಗಿ. ಇವತ್ತೊಂದು ದಿನ ಕೂಗಿ.”

“ಅವಳ ಹೆಸರು ಎತ್ತಿದ್ರೆ ಸೋಮವಾರದಿಂದ ಕೆಲಸಕ್ಕೆ ಬರಬೇಡಿ.”

ಅವನು ತಲೆ ತಗ್ಗಿಸಿ ಬಾಗಿಲೆಳೆಯತೊಡಗಿದ. ಡೆಲಿಸಾ ಕಾರಿನ ಬೀಗದ ಕೈ ಹುಡುಕುತ್ತ, ಅಭ್ಯಾಸಬಲದಿಂದ ತನಗೆ ತಾನೇ ಗೊಣಗಿಕೊಂಡಳು. “ಡೆಲಿಸಾ, ಡೆಲಿಸಾ, ಡೆಲಿಸಾ, ಬಾ, ಬೇಗ ಮನೆಗೆ ಹೋಗೋಣ.” ತನ್ನನ್ನು ತಾನು ಕರೆದುಕೊಂಡೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಭಾನುವಾರ ಯುಮಿ ಚಾಕೊಲೇಟ್ ಗಂಜಿಯನ್ನು ಬಾಯಿಗಿಟ್ಟುಕೊಂಡು ನುಂಗುವುದನ್ನು ಮರೆತಳು. ಕಂದು ಬಣ್ಣದ ಗಂಜಿ ಗಲ್ಲದ ಮೇಲೆ ಇಳಿಯಿತು. ಕರೆದರೆ ತಿರುಗಲಿಲ್ಲ. ಬಿದ್ದು ಮೊಣಕಾಲು ತರಚಿ ರಕ್ತ ಬಂದರೂ ಅಳಲಿಲ್ಲ. ಹತ್ತಿರದ ಇಲೋಯಿಲೋ ನಗರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಎಂದರು. ಬುಧವಾರದ ಹೊತ್ತಿಗೆ ಉಸಿರಾಡುವುದನ್ನೂ ಮಗು ಆಗಾಗ ಮರೆಯತೊಡಗಿತು.

ಡೆಲಿಸಾ ಮಗಳನ್ನು ಎತ್ತಿಕೊಂಡು ಬಂದು ಬಾಲ್ದೊನ ಕಾಲ ಬಳಿ ಕುಸಿದಳು.

“ಅವತ್ತು ಹೆಸರು ಕೂಗದೇನೇ ಬಾಗಿಲು ಮುಚ್ಚಿಬಿಟ್ಟಾಯ್ತಲ್ಲ ಮೇಡಂ,” ಎಂದ ಅವನು, ಸೋತ ದನಿಯಲ್ಲಿ. “ಈಗ ಮನೆ ಸುಮ್ನೆ ಬಿಡಲ್ಲ. ಒಂದು ಜೀವ ಒಳಗೆ ನಿಂತ್ರೆ ಒಂದು ಜೀವ ಹೊರಗೆ.”

“ನಾನು ನಿಲ್ತೀನಿ.”

“ನನ್ನ ಹೆಂಡ್ತೀನೂ ಹಾಗೇ ಅಂದ್ಳು, ನಮ್ಮ ಮಗನಿಗಾಗಿ. ಅವಳ ಮೈ ಮನೆಗೆ ಬಂತು. ಹನ್ನೊಂದು ವರ್ಷ ಅನ್ನ ಬೇಯಿಸಿ ಹಾಕ್ತು. ಒಂದ್ಸಲ ನಗಲಿಲ್ಲ, ಒಂದ್ಸಲ ನನ್ನ ಹೆಸರು ಕರೀಲಿಲ್ಲ. ಆದರೆ ಒಳಗಿದ್ದ ಅವಳು...” ಅವನು ಹಜಾರದ ಕತ್ತಲಿನತ್ತ ತಿರುಗಿದ. “ಕರಿ, ಕರಿ ಅಂತ ಬೇಡ್ಕೋತಾಳೆ. ಈಗಲೂ. ಕರೆದ್ರೆ ಮಗ ವಾಪಸ್ ಒಳಗೆ.”

“ನಾನು ಬೇಡಿದ್ರೆ ಕಿವಿಗೊಡಬೇಡಿ. ಮಾತು ಕೊಡಿ.”

“ಎಲ್ರೂ ಹಾಗೇ ಅಂತಾರೆ,” ಎಂದು ಬಾಲ್ದೊ ಅವಳ ಕೈ ಹಿಡಿದು ಮಾತು ಕೊಟ್ಟ.

ಗಂಟೆ ಐದು. ಗಾಜಿನ ಬದಲು ಕಡಲ ಚಿಪ್ಪು ಕೂರಿಸಿದ ಕಿಟಕಿಗಳಲ್ಲಿ ಬಿಸಿಲು ಹಳದಿಯಾಗಿ ಸತ್ತಿತ್ತು. ಮೇಣದ ವಾಸನೆಯಡಿ ಇನ್ನೊಂದು ವಾಸನೆ: ಬಹಳ ದಿನ ಕಟ್ಟಿಟ್ಟ ಬಟ್ಟೆಯದು, ಬಾಯಿ ಮುಚ್ಚಿ ಕುಳಿತವರ ಉಸಿರಿನದು. ಡೆಲಿಸಾ ಹಜಾರದ ನಡುವೆ ನಿಂತಳು. ಮಗಳ ಮೈ ಬಾಲ್ದೊನ ತೋಳಲ್ಲಿ, ಹೊಸ್ತಿಲಿನಾಚೆ.

“ಯುಮಿ, ಬಾ, ಮನೆಗೆ ಹೋಗೋಣ.”

ಮೇಜಿನಡಿ ಏನೋ ಸರಿಯಿತು.

“ಯುಮಿ, ಬಾ.”

ಬರಿಗಾಲಿನ ಸದ್ದು. ಚಿಕ್ಕ ಕಾಲು. ಅದರ ಹಿಂದೆ ದೊಡ್ಡ ಕಾಲುಗಳು. ಹಲವು. ನನ್ನನ್ನೂ ಕರಿ. ನನ್ನನ್ನೂ. ಅಮ್ಮ ಗೇಟಲ್ಲಿ ಕಾಯ್ತಿದ್ದಾಳೆ, ನನ್ನನ್ನೂ ಕರಿ. ಕತ್ತಿನ ಮೇಲೆ ತಣ್ಣನೆಯ ಉಸಿರು. ಅವಳು ಕಣ್ಣು ಮುಚ್ಚಿದಳು. ಹಲ್ಲು ಕಚ್ಚಿದಳು.

“ಯುಮಿ!”

ಬೆಚ್ಚಗಿನದೊಂದು ಅವಳ ಉಡುಪಿನ ಅಂಚು ಸೋಕಿ ಹೊರಗೋಡಿತು. ಆಚೆ ಮಗು ಕಿಟಾರನೆ ಅತ್ತಿತು. ಅಳು! ನಾಲ್ಕು ದಿನದಲ್ಲಿ ಮೊದಲ ಅಳು. ಡೆಲಿಸಾ ಓಡಿದಳು. ಕಾಲು ಓಡಿತು. ಮೈ ಓಡಿತು. ಹೊಸ್ತಿಲು ದಾಟಿತು.

ಅವಳು ದಾಟಲಿಲ್ಲ.

ತನ್ನ ಬೆನ್ನನ್ನೇ ತಾನು ನೋಡಿದಳು. ಆ ಬೆನ್ನು ಮಗುವಿನ ಕೈ ಹಿಡಿದು ಮೆಟ್ಟಿಲಿಳಿಯುತ್ತಿತ್ತು. “ಮಮ್ಮಿ, ನನ್ನ ಮೊಣಕಾಲು ಉರೀತಿದೆ,” ಎಂದು ಯುಮಿ ಮುಖವೆತ್ತಿ ಹೇಳುತ್ತಿದ್ದಳು. ಮೇಲಿದ್ದ ಮುಖ ಬಾಗಲಿಲ್ಲ.

ಕೊಟ್ಟ ಮಾತು, ತೆಗೆದುಕೊಂಡ ಮಾತು, ಎಲ್ಲ ಆ ಕ್ಷಣಕ್ಕೆ ಸುಟ್ಟುಹೋಯಿತು. ಒಮ್ಮೆ ಆ ಮೊಣಕಾಲಿಗೆ ಊದಿದರೆ ಸಾಕಿತ್ತು. ಒಂದೇ ಒಂದು ಸಲ.

“ನೊಂಗ್!” ಅವಳು ಹೊಸ್ತಿಲಿಗೆ ಬಿದ್ದು ಚೀರಿದಳು. “ನೊಂಗ್ ಬಾಲ್ದೊ, ನನ್ನ ಹೆಸರು ಕರೀರಿ! ನಿಮ್ಮ ದಮ್ಮಯ್ಯ, ಒಂದ್ಸಲ ಕರೀರಿ!”

ಬಾಲ್ದೊ ಬಾಗಿಲಿನ ಎರಡೂ ಹಿಡಿಗಳ ಮೇಲೆ ಕೈಯಿಟ್ಟ. ಅವನ ಗಡ್ಡ ಒದ್ದೆಯಾಗಿತ್ತು. ಅವಳನ್ನು ದಾಟಿ, ಕತ್ತಲಲ್ಲಿ ಅವಳ ಹಿಂದೆ ನಿಂತ ಇನ್ಯಾರನ್ನೋ ಒಂದು ಗಳಿಗೆ ನೋಡಿದ.

“ಕರೆಯಲ್ಲ,” ಎಂದ.