ಮೂಡಲ ಮಗ್ಗುಲಿನ ಮರಳು

ಆ ದಿನ ಬೆಳಗ್ಗೆ ಗಾಳಿಯೇ ಇರಲಿಲ್ಲ. ಆಷಾಢದ ಕಡಲು ಎಣ್ಣೆ ಸುರಿದಂತೆ ಮಲಗಿತ್ತು. ಘಟ್ಟದ ಮೇಲೆ ಮಾತ್ರ ಮೋಡ ಕವುಚಿಕೊಂಡಿತ್ತು. ಅಳಿವೆಯ ಸೇತುವೆಯಡಿ ‘ಮರಳುಬಿಗಿ’ ಯಂತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು.

ಮರಳಿನಲ್ಲಿ ಆಳಕ್ಕೆ ಹೂತ ಸೇತುವೆಯ ಆಳಗಂಬ ಮೇಲಿನ ಭಾರಕ್ಕೆ ಅಂಜುವುದಿಲ್ಲ. ಅದನ್ನು ಕೆಡಹುವುದು ಪಕ್ಕದಿಂದ ತಳ್ಳುವ ಅಡ್ಡಹೊರೆ. ಅಲೆ ತಳ್ಳಿದಾಗ ಕಂಬ ಎದುರು ಮಗ್ಗುಲಿನ ಮರಳಿಗೆ ಒರಗುತ್ತದೆ. ಮೇಲಿನ ಎರಡಾಳು ಆಳದ ಮರಳೇ ಅದನ್ನು ಆತು ನಿಲ್ಲಿಸಬೇಕು. ಮರಳುಬಿಗಿ ಆ ಮಗ್ಗುಲಿನ ನೀರನ್ನು ಕಂಬದ ಸಣ್ಣ ರಂಧ್ರಗಳಿಂದ ಹೀರಿ, ಕಾಳುಕಾಳನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತಿತ್ತು. ಕಡಲು ತಳ್ಳುವುದು ಪಡುವಣದಿಂದ ಎಂದು ವಿಜ್ಞಾನಿ ಕುಮುದಿನಿ ಗುನಗ ಮೂಡಲ ಮಗ್ಗುಲಿಗಷ್ಟೇ ರಂಧ್ರವಿಟ್ಟಿದ್ದಳು. ಹನ್ನೆರಡು ಮಳೆಗಾಲ ಕಂಬಗಳು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

“ತಂಗೀ, ಇವತ್ತು ಸೇತುವೆ ಮುಚ್ಚು,” ಎಂದ ಬೊಮ್ಮಯ್ಯ ಅಂಬಿಗ. ಹಿಂದೆ ಇಲ್ಲಿ ದೋಣಿ ದಾಟಿಸುತ್ತಿದ್ದವನು ಈಗ ಸೇತುವೆಯ ಕಾವಲುಗಾರ.

“ಗಾಳಿಯೇ ಇಲ್ಲವಲ್ಲ, ಬೊಮ್ಮಯ್ಯಣ್ಣ!”

“ಕಡಲಲ್ಲ, ಘಟ್ಟದಿಂದ ಹೊಳೆ ಏರಿ ಬರ್ತದೆ. ನಾವು ದೋಣಿ ಕಟ್ಟೂ ಗೂಟ ಊರಿದ್ರೆ ನಾಕೂ ದಿಕ್ಕಿಗೆ ಜಗ್ಗಿ, ನಾಕೂ ದಿಕ್ಕಿಗೆ ಕೈಮುಗಿದೇ ಹಗ್ಗ ಹಾಕೂದು. ನೀನು ಒಂದೇ ದಿಕ್ಕಿನ ದೇವರಿಗೆ ದೀಪ ಹಚ್ಚಿದೆ.”

ಕುಮುದಿನಿ ನಕ್ಕಳು. “ಹೊಳೆಯ ಲೆಕ್ಕವೂ ಹಾಕಿದ್ದೇನೆ. ಅದರ ಒತ್ತಡ ಕಡಲಿನ ಕಾಲುಭಾಗವೂ ಇಲ್ಲ.”

“ಆ ಲೆಕ್ಕ ಹೊಳಿಗೆ ಗೊತ್ತಿದ್ಯೇನೆ? ನಮ್ಮ ಮಗಳು ಮಾದೇವಿ ಹೊಳೆನಡುವಿನ ಕುರ್ವೆಗೆ ಹೋಗಿದ್ದು, ಹತ್ತು ಗಂಟಿಗೆ ಇದರ ಮೇಲೇ ಬರೂದು. ಒಂದು ತಾಸು ಮುಚ್ಚು ಮಾರಾಯ್ತಿ.”

ಕಂಬದ ವಾಲು ತೋರುವ ಮಾಪಕದ ಮುಳ್ಳು ಅಲುಗದೆ ಸೇತುವೆ ಮುಚ್ಚುವ ನಿಯಮವಿರಲಿಲ್ಲ. ಅವಳು ಮುಚ್ಚಲಿಲ್ಲ.

ಹತ್ತಕ್ಕೆ ಘಟ್ಟದ ನೀರು ಬುಡಸಮೇತ ಮರಗಳನ್ನು ಹೊತ್ತು ಇಳಿಯಿತು. ಕಂಬಗಳು ಒರಗಿದ್ದು ಯಾರೂ ಬಿಗಿಯದ ಪಡುವಣ ಮಗ್ಗುಲಿಗೆ. ಅಲ್ಲಿನ ಸಡಿಲ ಮರಳು ಆಗಲೇ ಕೊಚ್ಚಿಹೋಗಿತ್ತು. ನಾಲ್ಕನೆಯ ಸಾಲು ಬಾಗಿ, ಮೇಲಿನ ಹಾಸು ಕಳಚಿ ಬಿತ್ತು. ಆಗ ಅದರ ಮೇಲಿದ್ದವಳು ಒಬ್ಬಳೇ, ಮಾದೇವಿ.

ಮೂರನೆಯ ದಿನ ನೀರು ಇಳಿದಾಗ ಅವಳು ಸಿಕ್ಕಳು. ಪ್ರವಾಹ ಅವಳನ್ನು ಕಂಬದ ಮೂಡಲ ಮಗ್ಗುಲಿಗೆ ಒತ್ತಿತ್ತು. ಬಂದದ್ದು ಮರಳೋ ಮನುಷ್ಯರೋ ಎಂದು ಯಂತ್ರ ಕೇಳಿರಲಿಲ್ಲ, ಎಳೆದು ಅಪ್ಪಿಕೊಂಡಿತ್ತು. ಸೊಂಟದವರೆಗೆ ಹೂತ ದೇಹ ನಾಲ್ವರು ಮುಳುಗುಗಾರರು ಜಗ್ಗಿದರೂ ಬರಲಿಲ್ಲ. ಯಂತ್ರ ನಿಲ್ಲಿಸಿದರೆ ಮರಳು ಬಿಡುತ್ತಿತ್ತು. ಆದರೆ ಉಳಿದ ಸಾಲುಗಳನ್ನೂ ಹಿಡಿದಿದ್ದದ್ದು ಅದೇ ಯಂತ್ರ, ಪಡುವಣ ಗಾಳಿ ಮತ್ತೆ ಎದ್ದಿತ್ತು.

“ನಿಲ್ಲಿಸಬಾರದೆಂದು ಮೇಲಿನವರ ಆದೇಶ,” ಎಂದಳು ಕುಮುದಿನಿ, ನೆಲ ನೋಡುತ್ತ.

ಬೊಮ್ಮಯ್ಯ ಬೈಯಲಿಲ್ಲ. “ಮಣ್ಣಿಗೆ ಕೊಡೂಕಾದ್ರೂ ನಂಗೆ ಕೈಗೆ ಸಿಗಬೇಕಲ್ಲ ತಂಗೀ,” ಎಂದ.

ಅವಳು ಸೇತುವೆಯ ಮೇಲೆ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಗುಂಡಿ ಒತ್ತಿದಳು. ಹನ್ನೆರಡು ವರ್ಷ ಎಡೆಬಿಡದೆ ಕೇಳಿದ ಸದ್ದು ನಿಂತಿತು. ನೀರಿನಿಂದ ಗುಳ್ಳೆಗಳೆದ್ದವು. ದೂರದ ಸಾಲೊಂದು ಮೆಲ್ಲಗೆ ವಾಲತೊಡಗಿತು. ಅವಳು ಅತ್ತ ನೋಡಲಿಲ್ಲ. ಎದೆಮಟ್ಟ ನೀರಿಗಿಳಿದು ಮುಳುಗುಗಾರರ ಜೊತೆ ತಾನೂ ಕೈಹಚ್ಚಿ, ಹುಡುಗಿಯ ಕೂದಲಿನ ಮರಳು ತೊಳೆದಳು. ಮಗಳನ್ನು ದಡಕ್ಕೆ ತಂದು ತಂದೆಯ ತೋಳಿಗೆ ಒಪ್ಪಿಸಿದಳು.